ಅರಳುಮರಳಿನ ಸಂಶೋಧನೆ ಮತ್ತು ಸಂಶೋಧಕರ ಬಾಳು

ಅರವತ್ತಕ್ಕೆ ಅರಳುಮರಳೆಂಬ ಮಾತು ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವೃದ್ಧರ ಮರೆವನ್ನು ವಯೋಧರ್ಮವೆಂದು ಸಹಿಸಿಕೊಂಡು ಬಂದ ಸಮಾಜಕ್ಕೆ, ಅದು ಅನೇಕ ವೇಳೆ ಮೆದುಳಿನ ರೋಗವೆಂಬ ಅರಿವು ಮೂಡಿದ್ದು ತೀರ ಈಚೆಗೆ. ೨೦೨೩ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ಮೀರಿದವರ ಪೈಕಿ ಸುಮಾರು ೮೮ ಲಕ್ಷ ಜನ ಡಿಮೆನ್ಷಿಯಾ ಪೀಡಿತರು. ಹೆತ್ತ ಮಗನನ್ನೇ ಯಾರೆಂದು ಕೇಳುವ ತಾಯಿಯಿರುವ ಮನೆಯ ಸಂಕಟವನ್ನು ಯಾವ ಅಂಕಿಯೂ ಹೇಳಲಾರದು.

ಈ ಕಾಯಿಲೆಗಳಲ್ಲಿ ಮುಖ್ಯವಾದುದನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ವಿದ್ವತ್ಸಭೆಯೊಂದರಲ್ಲಿ ವಿವರಿಸಿದ್ದು ೧೯೦೬ರಲ್ಲಿ. ಅದರ ಗತಿಯನ್ನು ತಗ್ಗಿಸುವ ಲೆಕಾನೆಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ ಪೂರ್ಣ ಮಾನ್ಯತೆ ದೊರೆತದ್ದು ೨೦೨೩ರಲ್ಲಿ. ನೂರಹದಿನೇಳು ವರ್ಷಗಳ ಅಂತರ! ಅಷ್ಟಾಗಿಯೂ ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಅದು ರೋಗದ ಇಳಿಜಾರನ್ನು ನಿಧಾನಗೊಳಿಸಿದ್ದು ಶೇಕಡ ೨೭ರಷ್ಟು. ಅದೂ ಆರಂಭದ ಹಂತದವರಲ್ಲಿ. ಮೆದುಳಿನ ಬಾವು, ರಕ್ತಸ್ರಾವಗಳ ಅಪಾಯ ಬೇರೆ. ೨೦೨೫ರಲ್ಲಿ ಅಲ್ಲಿಯೇ ಮಾನ್ಯತೆ ಪಡೆದ ರಕ್ತಪರೀಕ್ಷೆಯಿಂದ ರೋಗನಿದಾನವಾದರೂ ಸುಲಭವಾಗಿದೆ.

ರೋಗಲಕ್ಷಣ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಬದಲಾವಣೆ ತೊಡಗಿರುತ್ತದೆ. ಆದ್ದರಿಂದ ಆರೋಗ್ಯವಂತರನ್ನೇ ದಶಕಗಟ್ಟಲೆ ಪರೀಕ್ಷಿಸುತ್ತ ಹೋಗಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ೨೦೧೮ರಿಂದ ನಡೆದಿರುವುದು ಇಂಥ ಕಾರ್ಯವೇ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ನಲವತ್ತೈದು ದಾಟಿದ ಹತ್ತು ಸಾವಿರ ಗ್ರಾಮೀಣರ ಸ್ಮರಣಶಕ್ತಿ, ರಕ್ತ, ಮೆದುಳಿನ ಚಿತ್ರಗಳನ್ನು ಕಾಲಕಾಲಕ್ಕೆ ಪರಿಶೀಲಿಸುವ ಗುರಿ ಹೊಂದಿದೆ. ಪಾಶ್ಚಾತ್ಯರ ಮೆದುಳಿನಿಂದ ಕಲಿತ ಪಾಠ ರಾಗಿಯುಂಡು ಹೊಲದಲ್ಲಿ ದುಡಿದವರಿಗೂ ಒಪ್ಪೀತೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದ ಬರಬೇಕಾಗಿದೆ. ಈ ಕೇಂದ್ರ ನಿಂತಿರುವುದು ೨೦೧೪ರಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ಘೋಷಿಸಿದ ೨೨೫ ಕೋಟಿ ರೂಪಾಯಿಗಳ ಆಸರೆಯ ಮೇಲೆ.

ಕೆಲಸಕ್ಕೆ ದಶಕಗಳು ಬೇಕು. ಕೆಲಸ ಮಾಡುವವರಿಗೆ ದೊರೆಯುವುದು ಮಾತ್ರ ಬಿಡಿಬಿಡಿ ವರ್ಷಗಳು. ೨೦೨೩ರಲ್ಲಿ ನಿಗದಿಯಾದಂತೆ ಸಂಶೋಧನ ವಿದ್ಯಾರ್ಥಿಗೆ ಮೊದಲೆರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಅನಂತರ ೪೨,೦೦೦. ಒಟ್ಟು ಐದು ವರ್ಷ. ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಕೈಸೇರುವುದುಂಟು. ಡಾಕ್ಟರೇಟ್ ಪದವಿಯ ಬಳಿಕ ಯೋಜನೆಯಿಂದ ಯೋಜನೆಗೆ ಅಲೆದಾಟ. ಮೂವತ್ತೈದಾದರೂ ಸ್ಥಿರವಾದ ಹುದ್ದೆಯಿಲ್ಲದ ಮಗನನ್ನೋ ಮಗಳನ್ನೋ ಕುರಿತು ಬಂಧುಗಳು ಆಡುವ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಬೇಗ ಪ್ರಕಟಿಸು, ಇಲ್ಲವೇ ಹೊರನಡೆ ಎಂಬ ಈ ವ್ಯವಸ್ಥೆ ವಿಜ್ಞಾನಕ್ಕೂ ಕ್ಷೇಮಕರವಲ್ಲ. ೨೦೦೬ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಆಲ್ಝೈಮರ್ ಕುರಿತ ಬಹುಖ್ಯಾತ ಪ್ರಬಂಧವೊಂದನ್ನು ಅದರ ಚಿತ್ರಗಳಲ್ಲಿ ತಿದ್ದುಪಡಿಯ ಕುರುಹು ಕಂಡುಬಂದುದರಿಂದ ೨೦೨೪ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಎಷ್ಟು ಪ್ರಯೋಗಶಾಲೆಗಳ ಶ್ರಮ ಆ ಜಾಡಿನಲ್ಲಿ ಸವೆದಿತ್ತೋ!

ಉದಾರಿಗಳಾದ ದಾನಿಗಳು ಶಾಲೆಗಳಿಗೆ ಕೊಠಡಿ ಕಟ್ಟಿಸುತ್ತಾರೆ, ಅದು ಸ್ತುತ್ಯವೇ. ಬಾಗಿಲ ಮೇಲೆ ಹೆಸರು ಕೆತ್ತಿಸಲು ಕಲ್ಲೂ ಸಿಗುತ್ತದೆ. ಆದರೆ ಸಂಶೋಧನೆಗೆ ಹೊರಟ ಹಳೆಯ ವಿದ್ಯಾರ್ಥಿಗೆ ಹತ್ತು ವರ್ಷ ನಿಶ್ಚಿಂತೆಯಿಂದಿರಲು ನೆರವಾಗುವ ದತ್ತಿಗಳು ಅಪರೂಪ. ಉಪಾಧ್ಯಾಯರ ಪಾಲೂ ಇದರಲ್ಲಿ ಸಣ್ಣದಲ್ಲ. ೨೦೨೪ರ ಲ್ಯಾನ್ಸೆಟ್ ಆಯೋಗವು ಹೆಸರಿಸಿದ, ತಿದ್ದಿಕೊಳ್ಳಬಹುದಾದ ಹದಿನಾಲ್ಕು ಅಪಾಯಕಾರಣಗಳಲ್ಲಿ ಎಳೆಯ ವಯಸ್ಸಿನ ಅಲ್ಪಶಿಕ್ಷಣವೂ ಒಂದು.

೨೦೧೮ರಲ್ಲಿ ನಲವತ್ತೈದರ ವಯಸ್ಸಿನಲ್ಲಿ ಹೆಸರು ಕೊಟ್ಟ ಶ್ರೀನಿವಾಸಪುರದ ರೈತನಿಗೆ ೨೦೩೮ರಲ್ಲಿ ಅರವತ್ತೈದು ತುಂಬುತ್ತದೆ. ಅಂದು ಅವನ ಮುಂದೆ ಕುಳಿತು ಪರೀಕ್ಷಿಸಬೇಕಾದ ಸಂಶೋಧಕರು ಈಗ ಯಾವುದೋ ಪ್ರೌಢಶಾಲೆಯ ಬೆಂಚಿನ ಮೇಲಿದ್ದಾರೆ.