ಹೆಸರು ಸರಿಯಿದ್ದರೂ ಫಾರಂ ಒಪ್ಪಲ್ಲ, ಯಾಕೆ?

ಅರ್ಜಿ ಹಾಕಲು ಕೊನೆಯ ದಿನ ಯಾವುದಾದರೂ ಆನ್‌ಲೈನ್ ಸೆಂಟರ್ ಮುಂದೆ ಒಂದು ಗಂಟೆ ನಿಂತು ನೋಡಿ. ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಇನಿಶಿಯಲ್, ಚುಕ್ಕಿ ಸಮೇತ ಹೆಸರು ಹಾಕಿದರೆ ಕೆಂಪು ಅಕ್ಷರದಲ್ಲಿ 'ಇನ್‌ವ್ಯಾಲಿಡ್ ನೇಮ್' ಎಂದು ಬರುತ್ತದೆ. ಚುಕ್ಕಿ ತೆಗೆದರೆ ಫಾರಂ ಒಪ್ಪುತ್ತದೆ, ಆದರೆ ಆಮೇಲೆ ದಾಖಲೆಗೂ ಅರ್ಜಿಗೂ ಹೆಸರು ತಾಳೆಯಾಗುವುದಿಲ್ಲ. ಮನೆತನದ ಹೆಸರೇ ಇಲ್ಲದವರ ಪಾಡು ಇನ್ನೊಂದು. 'ಲಾಸ್ಟ್ ನೇಮ್' ಖಾಲಿ ಬಿಡುವ ಹಾಗಿಲ್ಲ. ಆಪರೇಟರ್ ಅಲ್ಲಿ ಅಪ್ಪನ ಹೆಸರು ತುಂಬುತ್ತಾರೆ, ಇಲ್ಲವೇ ಅದೇ ಹೆಸರನ್ನು ಎರಡು ಸಲ ಹಾಕುತ್ತಾರೆ. ಅರ್ಜಿ ಹಾಕಲು ಬಂದವರು 'ನಮ್ಮ ಹೆಸರೇ ಸರಿಯಿಲ್ಲವೇನೋ' ಎಂದುಕೊಂಡು ಸುಮ್ಮನಾಗುತ್ತಾರೆ.

ಹೆಸರು ಸರಿಯಾಗೇ ಇದೆ. ಫಾರಂನ ಜರಡಿ ಸರಿಯಿಲ್ಲ.

ಈಗ ಇದನ್ನು ಬರೆಯಲು ಕಾರಣವಿದೆ. ಓದುಗರು ತಮ್ಮ ಊರಿನ ಸುದ್ದಿ ಕಳಿಸಲಿ ಎಂದು ಈ ಪುಟಕ್ಕೆ ನಾವೇ ಒಂದು ಫಾರಂ ಮಾಡಿಸುತ್ತಿದ್ದೇವೆ. ಹೆಸರು, ಊರು, ಮೊಬೈಲ್ ನಂಬರ್, ವಿಷಯ, ಇಷ್ಟೇ ನಾಲ್ಕು ಬಾಕ್ಸ್. ಮಾಡಿಕೊಡುತ್ತಿರುವ ಹುಡುಗ ಕೇಳಿದ, 'ಅಣ್ಣಾ, ವ್ಯಾಲಿಡೇಷನ್‌ಗೆ ಯಾವ ಲೈಬ್ರರಿ ಹಾಕಲಿ?' ಯಾವುದಾದರೂ ಹಾಕಪ್ಪ ಎನ್ನಬಹುದಿತ್ತು. ಸೆಂಟರ್ ಮುಂದಿನ ಕ್ಯೂ ನೆನಪಾಗಿ ಹಾಗೆ ಹೇಳಲು ಮನಸ್ಸಾಗಲಿಲ್ಲ.

ವ್ಯಾಲಿಡೇಷನ್ ಎಂದರೆ ತುಂಬಿದ್ದು ಸರಿ ಇದೆಯೇ ಎಂಬ ಪರಿಶೀಲನೆ. ಲೈಬ್ರರಿ ಎಂದರೆ ಬೇರೆಯವರು ಮೊದಲೇ ಬರೆದಿಟ್ಟ ಸಿದ್ಧ ಕೋಡ್. ಜಾವಾಸ್ಕ್ರಿಪ್ಟ್‌ನಲ್ಲಿ ಝಾಡ್, ಯಪ್, ಜಾಯ್, ವ್ಯಾಲಿಬಾಟ್ ಇವೆ. ಪೈಥಾನ್‌ನಲ್ಲಿ ಪೈಡಾಂಟಿಕ್, ಜಾವಾದಲ್ಲಿ ಹೈಬರ್ನೇಟ್ ವ್ಯಾಲಿಡೇಟರ್. ಎಲ್ಲವೂ ಉಚಿತ. ಜರಡಿಯ ಚೌಕಟ್ಟನ್ನು ಇವು ಕೊಡುತ್ತವೆ. ಕಣ್ಣು ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವವರು ಫಾರಂ ಮಾಡುವವರು. ಹಾಗಾಗಿ ಯಾವುದು ಹೆಚ್ಚು ಜನಪ್ರಿಯ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು, ಕನ್ನಡದ ಹೆಸರು ಒಳಗೆ ಹೋಗುತ್ತದೆಯೇ? 'ಕೃಷ್ಣಪ್ಪ' ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಎಂಟು ಸಂಕೇತ, ಯಾಕೆಂದರೆ ಯೂನಿಕೋಡ್‌ನಲ್ಲಿ ಸ್ವರಚಿಹ್ನೆ, ವಿರಾಮಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಇವು ಅಲ್ಲಿ 'ಅಕ್ಷರ' ಎಂಬ ಗುಂಪಿಗೇ ಸೇರುವುದಿಲ್ಲ, 'ಚಿಹ್ನೆ' ಎಂಬ ಬೇರೆ ಗುಂಪಿಗೆ ಸೇರುತ್ತವೆ. 'ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು' ಎಂದು ನಿಯಮ ಬರೆದರೆ ಕೃಷ್ಣಪ್ಪನವರು ಹೊರಗೇ ನಿಲ್ಲಬೇಕು. ಚಿಹ್ನೆಗಳನ್ನು ಸೇರಿಸಿದರೂ 'ರಾಜ್‌ಕುಮಾರ್' ಸಿಕ್ಕಿಬೀಳುತ್ತಾರೆ. ಜ ಕೆಳಗೆ ಕ ಒತ್ತು ಬರದಂತೆ ತಡೆಯಲು ಅಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಇರುತ್ತದೆ. ನಿಯಮದಲ್ಲಿ ಅದಕ್ಕೂ ಜಾಗ ಬೇಕು.

ಅಂಕಿಗಳದ್ದೂ ಇದೇ ಕಥೆ. ಕನ್ನಡ ಕೀಬೋರ್ಡ್‌ನಲ್ಲಿ ಮೊಬೈಲ್ ನಂಬರನ್ನು ಕನ್ನಡ ಅಂಕಿಯಲ್ಲಿ ಒತ್ತಿದರೆ, ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಅಂಕಿ ನಿಯಮ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳನ್ನು ಮಾತ್ರ ಗುರುತಿಸುತ್ತದೆ. ೯ ಎಂದರೆ 9 ಎಂದು ಬದಲಿಸಿಕೊಂಡು ಆಮೇಲೆ ಪರಿಶೀಲಿಸಲು ಝಾಡ್, ಯಪ್ ಎರಡರಲ್ಲೂ ದಾರಿ ಇದೆ. ಆದರೆ ಆ ನಾಲ್ಕು ಸಾಲನ್ನು ಫಾರಂ ಮಾಡುವವರೇ ಬರೆಯಬೇಕು.

ಎರಡನೆಯದು, ತಪ್ಪಾದಾಗ ಏನು ತಪ್ಪು ಎಂದು ಕನ್ನಡದಲ್ಲಿ ಹೇಳುತ್ತದೆಯೇ? ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ನೋಡಿ. ಒಟ್ಟು 11 ಸ್ಥಾನ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯದ್ದು. ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಓ' ಒತ್ತುವುದು ಸುಲಭ. 'ಇನ್‌ವ್ಯಾಲಿಡ್ ಇನ್‌ಪುಟ್' ಎಂದರೆ ಯಾರಿಗೆ ಏನು ಅರ್ಥವಾಗಬೇಕು? 'ಐದನೆಯದು ಸೊನ್ನೆ ಇರಬೇಕು, ಓ ಅಲ್ಲ' ಎಂದರೆ ಅಜ್ಜಿಯೂ ಸರಿಪಡಿಸುತ್ತಾಳೆ. ಮೇಲೆ ಹೆಸರಿಸಿದ ಲೈಬ್ರರಿಗಳಲ್ಲೆಲ್ಲ ಸಂದೇಶವನ್ನು ನಮ್ಮ ಮಾತಿನಲ್ಲಿ ಬರೆಯಲು ಅವಕಾಶವಿದೆ. ಬರೆಯದೆ ಬಿಟ್ಟರೆ ಅದು ಸೋಮಾರಿತನ.

ಬಿಗಿ ಬೇಕಾದ ಕಡೆ ಬಿಗಿ ಇರಲೇಬೇಕು. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ನೆದರ್‌ಲ್ಯಾಂಡ್ಸ್‌ನ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ಸೂತ್ರದಿಂದ ಅದನ್ನು ಲೆಕ್ಕ ಹಾಕುತ್ತಾರೆ. ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಬೇರೆ ಅಂಕಿ ಅದಲುಬದಲಾದರೂ ಸಿಕ್ಕಿಬೀಳುತ್ತದೆ. ಬರೀ '12 ಅಂಕಿ ಇದೆಯಾ' ಎಂದು ಎಣಿಸುವ ಫಾರಂ ಈ ತಪ್ಪನ್ನು ಒಳಗೆ ಬಿಟ್ಟುಬಿಡುತ್ತದೆ. ಅದರ ಫಲ ತಿಂಗಳುಗಳ ನಂತರ, ಹಣ ಬರಲಿಲ್ಲವೆಂದು ಕಚೇರಿ ಅಲೆಯುವಾಗ ಗೊತ್ತಾಗುತ್ತದೆ. ಹೆಸರಿನ ಚುಕ್ಕಿಗೆ ತಕರಾರು ಮಾಡಿ, ತಪ್ಪು ಆಧಾರ್ ನಂಬರನ್ನು ಒಪ್ಪಿಕೊಳ್ಳುವ ಫಾರಂ ಯಾರ ಉಪಯೋಗಕ್ಕೆ?

ಮೂರನೆಯದು, ಲೈಬ್ರರಿಯ ಭಾರ ಎಷ್ಟು? ಬ್ರೌಸರ್‌ನಲ್ಲಿ ಪರಿಶೀಲಿಸುವ ಕೋಡ್ ನಮ್ಮ ಫೋನಿಗೇ ಇಳಿಯಬೇಕು. ನೆಟ್‌ವರ್ಕ್ ಒಂದು ಕಡ್ಡಿ ಇರುವ ಕಡೆ ಫಾರಂ ತೆರೆಯುವುದೇ ಕಷ್ಟ. ಈ ಭಾರ ತಗ್ಗಿಸಲೆಂದೇ 2023ರಲ್ಲಿ ವ್ಯಾಲಿಬಾಟ್ ಬಂತು. ಬೇಕಾದ ತುಂಡು ಮಾತ್ರ ಫೋನಿಗೆ ಇಳಿಯುವ ಹಾಗೆ ಅದನ್ನು ಕಟ್ಟಿದ್ದಾರೆ. ನಾಲ್ಕು ಬಾಕ್ಸ್‌ನ ಫಾರಂಗೆ ಅದೂ ಬೇಡ. ಖಾಲಿ ಬಿಡಬಾರದು, ಇಷ್ಟು ಉದ್ದ ಮೀರಬಾರದು ಎಂಬುದನ್ನು ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ. ಖಾಲಿ ಬಿಟ್ಟರೆ ಬರುವ ಸೂಚನೆ ಬ್ರೌಸರ್‌ನ ಭಾಷೆಯಲ್ಲೇ ಇರುತ್ತದೆ.

ಆದರೆ ಫೋನಿನಲ್ಲಿ ನಡೆಯುವ ಪರಿಶೀಲನೆಯನ್ನು ಬೇಕೆಂದವರು ತಪ್ಪಿಸಬಹುದು. ಕಿಡಿಗೇಡಿಗಳು ಫಾರಂ ತೆರೆಯದೆಯೇ ನೇರವಾಗಿ ಸರ್ವರ್‌ಗೆ ಕಸ ಕಳಿಸಬಲ್ಲರು. ಅದಕ್ಕೇ ಸರ್ವರ್‌ನಲ್ಲಿ ಮತ್ತೊಮ್ಮೆ ಪರಿಶೀಲನೆ ಕಡ್ಡಾಯ. ಲೈಬ್ರರಿಯ ನಿಜವಾದ ಕೆಲಸ ಇರುವುದು ಅಲ್ಲಿ.

ಇಷ್ಟೆಲ್ಲ ಮಾತಾಡಿ ನಾವು ಹುಡುಗನಿಗೆ ಹೇಳಿದ್ದು ಹೀಗೆ. ಫೋನ್ ಕಡೆ ಲೈಬ್ರರಿ ಬೇಡ, ಬ್ರೌಸರ್ ಸಾಕು. ಸರ್ವರ್ ಕಡೆ ಝಾಡ್ ಇರಲಿ, ಅವನಿಗೆ ಅದು ಗೊತ್ತಿದೆ, ನಾಳೆ ತೊಂದರೆಯಾದರೆ ಅವನೇ ರಿಪೇರಿ ಮಾಡಬಲ್ಲ. ಮೊಬೈಲ್ ನಂಬರ್‌ಗೆ 10 ಅಂಕಿ, ಮೊದಲನೆಯದು 6ರಿಂದ 9, ಕನ್ನಡ ಅಂಕಿಯೂ ಸರಿ. ಹೆಸರಿಗೆ ಎರಡೇ ನಿಯಮ: ಖಾಲಿ ಇರಬಾರದು, ತೀರಾ ಉದ್ದ ಇರಬಾರದು. ಚುಕ್ಕಿ, ಇನಿಶಿಯಲ್, ಒಂದೇ ಪದ, ಯಾವ ಲಿಪಿ, ಏನೂ ಕೇಳಬೇಡ. ಜನ ತಮ್ಮ ಹೆಸರು ಹೀಗೆ ಎಂದರೆ ಹಾಗೇ.

ನಮ್ಮ ಹಳ್ಳಿಗಳಿಂದ ಹೋಗಿ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ತಮ್ಮಂದಿರು, ತಂಗಿಯರು ಬಹಳ ಇದ್ದಾರೆ. ನಿಮ್ಮಲ್ಲಿ ಒಂದೇ ವಿನಂತಿ. ಮುಂದಿನ ಫಾರಂ ಬಿಡುಗಡೆ ಮಾಡುವ ಮೊದಲು ನಿಮ್ಮ ಊರಿನ ಹತ್ತು ಜನರ ಹೆಸರು, ರೇಷನ್ ಕಾರ್ಡಿನಲ್ಲಿ ಇರುವ ಹಾಗೆಯೇ, ಹಾಕಿ ನೋಡಿ. ನಿಮ್ಮ ಅಜ್ಜಿಯ ಹೆಸರನ್ನೂ ಹಾಕಿ. ಹತ್ತೂ ಒಳಗೆ ಹೋದರೆ ಬಿಡುಗಡೆ ಮಾಡಿ. ಒಂದು ಸಿಕ್ಕಿಕೊಂಡರೂ ನಿಯಮ ತಿದ್ದಿ. ನಿಮಗೆ ಅದು ಅರ್ಧ ಗಂಟೆಯ ಕೆಲಸ. ಇಲ್ಲಿ ಕ್ಯೂನಲ್ಲಿ ನಿಂತವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ.