ಬೀರುವಿನೊಳಗೆ ಮಾಸುತ್ತಿರುವ ಮದುವೆ

ನಿಮ್ಮ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೋ ಮದುವೆ ಆಲ್ಬಮ್ಮಿನ ಪಕ್ಕದಲ್ಲೋ, ನಾಲ್ಕಾರು ಸಿ.ಡಿ., ಡಿ.ವಿ.ಡಿ.ಗಳು ಇದ್ದೇ ಇರುತ್ತವೆ. 2000ನೇ ಇಸವಿಯಿಂದೀಚೆಗೆ ಹತ್ತು ಹದಿನೈದು ವರ್ಷ ನಮ್ಮ ಊರುಗಳ ವಿಡಿಯೋದವರು ಮದುವೆ, ಮುಂಜಿ, ಸೀಮಂತ, ಗೃಹಪ್ರವೇಶ ಎಲ್ಲವನ್ನೂ ಡಿಸ್ಕಿಗೆ ಹಾಕಿಯೇ ಕೊಡುತ್ತಿದ್ದರು. ಅದನ್ನು ಕೊನೆಯ ಸಲ ಯಾವಾಗ ನೋಡಿದಿರಿ, ಹೇಳಿ? ಪ್ಲೇಯರ್ ಕೆಟ್ಟು ಗುಜರಿಗೆ ಹೋಯಿತು. ಮಕ್ಕಳ ಹೊಸ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. "ಇದೆಯಲ್ಲ, ಎಲ್ಲಿ ಹೋಗುತ್ತೆ" ಅಂತ ಸುಮ್ಮನಿರುತ್ತೇವೆ.

ಹೋಗುತ್ತದೆ, ಸೋದರಿಯರೇ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿ ಮಾಡಿರುತ್ತಾರೆ. ವಿಡಿಯೋದವರು ಕೊಟ್ಟದ್ದು ಹಾಗಲ್ಲ. ಅದರೊಳಗೆ ಬಣ್ಣದ ತೆಳುವಾದ ಲೇಪವೊಂದಿದ್ದು, ಲೇಸರ್ ಬೆಳಕಿನಿಂದ ಅದರ ಮೇಲೆ ಬರೆದಿರುತ್ತಾರೆ. ಬಿಸಿಲಿಗೆ ಹಾಕಿದ ಸೀರೆ ಬಣ್ಣ ಕಳೆದುಕೊಳ್ಳುವ ಹಾಗೆ ಈ ಲೇಪವೂ ಬಿಸಿಲಿಗೆ, ಸೆಕೆಗೆ, ಮಳೆಗಾಲದ ಥಂಡಿಗೆ ಮಾಸುತ್ತದೆ. ಗೀರಾದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಒಂದು ದಿನ ಹಾಕಿ ನೋಡಿದರೆ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ.

ಮದುವೆಯ ವಿಡಿಯೋ ಅಂದರೆ ಬರೀ ಸಿನಿಮಾ ಹಾಡು ತುಂಬಿರುತ್ತದೆ ಅಂತ ನಾವೇ ನಗುತ್ತೇವೆ, ನಿಜ. ಆದರೆ ಆ ಹಾಡುಗಳ ಸಂದಿಯಲ್ಲಿ ಎಲ್ಲೋ ಒಂದೊಂದು ಕಡೆ ನಮ್ಮವರ ದನಿ ಉಳಿದಿರುತ್ತದೆ. ನಮ್ಮತ್ತೆಯವರು ತೀರಿಕೊಂಡು ಆರು ವರ್ಷವಾಯಿತು. ಫೋಟೋ ಬೇಕಾದಷ್ಟಿವೆ, ದನಿ ಮಾತ್ರ ಇರುವುದು ನಾದಿನಿಯ ಸೀಮಂತದ ಡಿಸ್ಕಿನಲ್ಲಿ, ಅದೂ ಎರಡೇ ನಿಮಿಷ. ಆರತಿ ಹಾಡುತ್ತಾ ಹಾಡುತ್ತಾ ನಡುವೆ ಯಾರಿಗೋ "ಎಲೆ ತೊಳೆದಾಯ್ತೇನೇ?" ಅಂತ ಗದರುತ್ತಾರೆ. ಅದನ್ನು ಕಳೆದುಕೊಂಡರೆ ಮತ್ತೆ ಯಾವ ಅಂಗಡಿಯಿಂದ ತರುವುದು?

ಬೇಕಾಗುವುದು ಒಂದು ಕಂಪ್ಯೂಟರ್, ಅದಕ್ಕೆ ವೈರಿನಿಂದ ಸಿಕ್ಕಿಸುವ ಡಿ.ವಿ.ಡಿ. ಡ್ರೈವ್. ಸಾಧಾರಣ ರೇಷ್ಮೆ ಸೀರೆಗಿಂತ ಅಗ್ಗ. ನಾಲ್ಕು ಮನೆಯವರು ಸೇರಿ ಒಂದು ತಂದುಕೊಂಡರೂ ಆಯಿತು. ಡಿಸ್ಕನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ತಟ್ಟೆ ಒರೆಸುವ ಹಾಗೆ ಸುತ್ತ ತಿರುಗಿಸಬೇಡಿ. ಆಮೇಲೆ ತೆರೆದು ನೋಡಿ: ಡಿ.ವಿ.ಡಿ. ಆದರೆ ವಿಡಿಯೋ-ಟಿಎಸ್ ಎಂಬ ಫೋಲ್ಡರ್, ವಿ.ಸಿ.ಡಿ. ಆದರೆ ಎಂಪೆಗ್‌ಎವಿ ಎಂಬುದು. ಆ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ಹಾಕಿಕೊಂಡರೆ ಮುಗಿಯಿತು. ನೋಡುವುದಕ್ಕೆ ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಸಾಕು.

ಇಲ್ಲೊಂದು ಮಾತು. "ಜಾಗ ಉಳಿಯುತ್ತೆ ಆಂಟಿ, ಚಿಕ್ಕದು ಮಾಡಿಬಿಡೋಣ" ಅಂತ ಹುಡುಗರು ಅಂದೇ ಅನ್ನುತ್ತಾರೆ. ಒಪ್ಪಬೇಡಿ. ವಿ.ಸಿ.ಡಿ.ಯ ಚಿತ್ರ ಮೊದಲೇ ಬಡವೆ, ಅದನ್ನು ಇನ್ನೂ ಕುಗ್ಗಿಸಿದರೆ ನೀರು ಮಜ್ಜಿಗೆಗೆ ಮತ್ತೆ ನೀರು ಹೊಯ್ದ ಹಾಗೆ. ಮಾಮೂಲಿ ಡಿ.ವಿ.ಡಿ. ತುಂಬಿದರೂ 4.7 ಜಿ.ಬಿ., ಒಂದು ಟಿ.ಬಿ. ಹಾರ್ಡ್ ಡಿಸ್ಕಿನಲ್ಲಿ ಇನ್ನೂರು ಹಿಡಿಸುತ್ತದೆ. ನಮ್ಮಲ್ಲಿ ಯಾರಿಗೆ ಇನ್ನೂರು ಮದುವೆ ಇದೆ! ಮೂಲವನ್ನು ಹಾಗೇ ಇಟ್ಟು, ಮೊಬೈಲಿಗೆ ಬೇಕಾದರೆ ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಚಿಕ್ಕ ಪ್ರತಿ ಬೇರೆ ಮಾಡಿಕೊಳ್ಳಿ. ಅಂಗಡಿಗೆ ಕೊಟ್ಟು ಮಾಡಿಸುವುದಾದರೂ ಮೂಲ ಕಡತವನ್ನೇ ಕೇಳಿ ಪಡೆಯಿರಿ. ಹೊಸದಾಗಿ ಹಾಡು ಸೇರಿಸಕೂಡದು ಅಂತ ಮೊದಲೇ ಹೇಳಿಬಿಡಿ.

ನಕಲು ನಡುವೆ ನಿಂತರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ, ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ಅದೂ ಆಗದಿದ್ದರೆ ತವರಿಗೆ ಫೋನು ಮಾಡಿ. ಗಂಡಿನ ಕಡೆಗೊಂದು ಹೆಣ್ಣಿನ ಕಡೆಗೊಂದು ಅಂತ ಎರಡು ಪ್ರತಿ ಮಾಡಿಸಿರುತ್ತಾರಲ್ಲ, ಅಲ್ಲಿಯದು ಚೆನ್ನಾಗಿರಬಹುದು.

ನಕಲನ್ನು ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದು ಅಕ್ಕನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಲಿ. ಕೈಜಾರಿ ಬಿದ್ದರೆ ಹಾರ್ಡ್ ಡಿಸ್ಕೂ ಹೋಗುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಬೀರು ಒರೆಸುವಾಗ, ಹಾಕಿ ನೋಡಿ. ಹಳೆಯ ಡಿಸ್ಕನ್ನೂ ಎಸೆಯಬೇಡಿ, ಕವರಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಾಲ್ ಪೆನ್ನಿನಲ್ಲಿ ಅದರ ಮೇಲೆ ಹೆಸರು ಬರೆಯಬೇಡಿ. ಸಿ.ಡಿ.ಯಲ್ಲಿ ಬರೆದದ್ದೆಲ್ಲ ಹೆಸರಿನ ಕಡೆಯ ಮೈಯ ಅಡಿಯಲ್ಲೇ ಇರುತ್ತದೆ.

ಹೆಸರು ಬರೆಯಬೇಕಾದದ್ದು ನೋಟ್‌ಬುಕ್ಕಿನಲ್ಲಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಮಧ್ಯಾಹ್ನ ಹಾಕಿ, ಅಕ್ಷತೆ ಹಾಕಲು ಬಂದವರು ಯಾರು ಯಾರು, ಯಾವ ಊರು, ನಮಗೇನಾಗಬೇಕು, ಕೇಳಿ ಬರೆದುಕೊಳ್ಳಿ. ಇದು ಕಂಪ್ಯೂಟರಿಗೆ ಗೊತ್ತಿಲ್ಲ, ಅವರಿಗೆ ಮಾತ್ರ ಗೊತ್ತು. ಹಳೆಯ ವಿಡಿಯೋ ಕ್ಯಾಸೆಟ್ಟಿನ ಕಥೆ ಬೇರೆಯೇ ಇದೆ, ಅದನ್ನು ಮುಂದಿನ ಸಲ ಬರೆಯುತ್ತೇನೆ.