ಎಳೆ ಕಂಡವರು ಯಾರು?

ತಾಮ್ರ, ಬೆಳ್ಳಿ ಹುಡುಕುವವರಿಗೆ ಭೂವಿಜ್ಞಾನ ಕಲಿಸುವ ಪಾಠ ಇದು: ಬಂಡೆಯ ಮೇಲಿನ ಹಸಿರು ಕಲೆ ನೋಡು. ತುಕ್ಕು ಹಿಡಿದಂಥ ಕೆಂಪು ಕಲ್ಲು ನೋಡು. ಬಿಳಿಕಲ್ಲಿನ ಎಳೆ ಎತ್ತ ಹರಿದಿದೆ ನೋಡು. ಹಿಂದಿನವರು ತೋಡಿದ ಗುಂಡಿ, ಅದಿರು ಕರಗಿಸಿ ಚೆಲ್ಲಿದ ಕಿಟ್ಟ ಎಲ್ಲಿದೆ ನೋಡು.

ಹಿಂದಿನವರು ಅಂದರೆ ಯಾರು? ಪಾಠ ಅಲ್ಲಿಗೆ ಬಾಯಿ ಮುಚ್ಚಿಕೊಳ್ಳುತ್ತದೆ.

ಚಿತ್ರದುರ್ಗದ ಪಕ್ಕದ ಇಂಗಳದಾಳ್‌ನಲ್ಲಿ ತಾಮ್ರದ ಗಣಿ ನಡೆಯಿತು, ನಿಂತಿತು. ಆ ಗಣಿ ಬರುವ ಎಷ್ಟೋ ಮೊದಲೇ ಅಲ್ಲಿ ಹಳೆಯ ಗುಂಡಿಗಳಿದ್ದವು. ಅದೇ ಜಿಲ್ಲೆಯ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ದಿಂಬಿನಾಕಾರದ ಲಾವಾ ಕಲ್ಲು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆಗಲಿ, ಕಲ್ಲಿಗೂ ಮರ್ಯಾದೆ ಸಲ್ಲಲಿ. ಗುಂಡಿ ತೋಡಿದ ಕೈಗಳಿಗೆ?

ನಮ್ಮಪ್ಪ ದನ ಕಾಯುತ್ತಿದ್ದ ಗುಡ್ಡಕ್ಕೂ ಒಮ್ಮೆ ಜೀಪು ಬಂತು. ‘ಹಸಿರು ಕಲ್ಲು ಎಲ್ಲಾದ್ರೂ ನೋಡಿದೀಯೇನೋ?’ ಅಂದರು ಸಾಹೇಬರು. ಅಪ್ಪ ತೋರಿಸಿದ. ಅವರು ಹೇಳಿದಲ್ಲಿ ಅಗೆದ. ಕೊರೆದು ತೆಗೆದ ಕಲ್ಲಿನ ಪೆಟ್ಟಿಗೆಗಳನ್ನು ತಲೆ ಮೇಲೆ ಹೊತ್ತು ಇಳಿಸಿದ. ಕೂಲಿ ಕೊಟ್ಟರು; ನೀರು ಮಾತ್ರ ಬೊಗಸೆಗೆ ಮೇಲಿಂದ ಹುಯ್ದರು. ಡಿಗ್ರಿ ಮುಗಿಸಿದ ಮೇಲೆ ಆ ವರದಿ ನನ್ನ ಕಣ್ಣಿಗೆ ಬಿತ್ತು. ತಾಮ್ರ ಶೇಕಡಾ ಎಷ್ಟು, ಬೆಳ್ಳಿ ಟನ್ನಿಗೆ ಎಷ್ಟು ಗ್ರಾಂ, ಎಲ್ಲಕ್ಕೂ ಲೆಕ್ಕ ಇತ್ತು. ನಮ್ಮಪ್ಪ ಇದ್ದದ್ದು ಎರಡೇ ಪದದಲ್ಲಿ: ‘ಸ್ಥಳೀಯರ ಮಾಹಿತಿ’.

ಇದು ಬರೀ ಹೆಸರಿನ ಆಸೆ ಅಲ್ಲ ಗೆಳೆಯರೇ. 1957ರ ಗಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದರು. 29 ಖನಿಜಗಳ ಹುಡುಕಾಟಕ್ಕೆ ಬೇರೆಯೇ ಪರವಾನಗಿ. ತಾಮ್ರ, ಬೆಳ್ಳಿ ಎರಡೂ ಅದರೊಳಗಿವೆ. ಹುಡುಕಿದ ಜಾಗ ಮುಂದೆ ಗಣಿಗೆ ಹರಾಜಾದರೆ, ಗಣಿಯವನು ಕಟ್ಟುವ ಹರಾಜು ಪ್ರೀಮಿಯಂನಲ್ಲಿ ಪರವಾನಗಿದಾರನಿಗೆ ಪಾಲು. ಕಂಡವನಿಗೆ ಪಾಲು ಸಲ್ಲಬೇಕು ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು! ಹಾಗಾದರೆ ಬೆರಳು ತೋರಿಸಿದವನ ಪಾಲು ಎಲ್ಲಿ?

‘2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆಯಲ್ಲ’ ಅಂತಾರೆ. ಅದು ಗಣಿಯಿಂದ ತೊಂದರೆಗೆ ಸಿಕ್ಕವರ ಹಣ. ಗಾಯದ ಪರಿಹಾರ ಬೇರೆ, ಅರಿವಿನ ಪಾಲು ಬೇರೆ.

‘ಗುಂಡಿ ತೋರಿಸಿದರೆ ವಿಜ್ಞಾನವಾಯಿತೇ? ಕೊರೆಯುವ ಖರ್ಚು, ನಷ್ಟದ ಭಯ ನಮ್ಮದು’ ಅಂತಾರೆ. ನಿಜ, ಕೊರೆದ ಕಡೆಯೆಲ್ಲ ಗಣಿಯಾಗುವುದಿಲ್ಲ. ಆದರೆ ಬಿಳಿಕಲ್ಲನ್ನು ನೀರು ಬಿಡದೆ ಒಣಗೇ ಕೊರೆದಾಗ ಏಳುವ ದೂಳು ಯಾರ ಎದೆಯಲ್ಲಿ ಕೂರುತ್ತದೆ? ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗದ ರೋಗ. ಅವರದ್ದು ದುಡ್ಡಿನ ನಷ್ಟ, ನಮ್ಮದು ಉಸಿರಿನ ನಷ್ಟ.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರ ಗುಡ್ಡಕ್ಕೆ ಕೇರಿಯ ಹಿರಿಯರ ಜೊತೆ ಹೋಗಿ. ಯಾವ ಗುಂಡಿಗೆ ಏನಂತಾರೆ, ಯಾರು ತೋರಿಸಿದರು, ಯಾರು ಹೊತ್ತರು, ಹೆಸರು ಸಮೇತ ಬರೆದುಕೊಳ್ಳಿ. ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕಕ್ಕೆ ಏರಿಸಿ. ಮತ್ತೆ ಜೀಪು ಬಂದಾಗ ಕಲ್ಲು ತೋರಿಸುವ ಮೊದಲು ಆ ಪುಸ್ತಕ ತೋರಿಸಿ.